ಜುಲೈ ಒಂದರ ಎರಡು ಸಮಾಚಾರಗಳು

ಕ್ರೈಸ್ತಮತದ ಇತಿಹಾಸದಲ್ಲಿ ಜುಲೈ 1 ಮೊದಲು ನೆನಪಿಗೆ ತರುವುದು ಒಂದು ಚಿತೆಯನ್ನು. 1523ರ ಆ ದಿನ ಬ್ರಸೆಲ್ಸ್ ನಗರದಲ್ಲಿ, ಲೂಥರನ ಬೋಧನೆಯನ್ನು ತ್ಯಜಿಸಲೊಪ್ಪದ ಇಬ್ಬರು ಆಗಸ್ಟೀನ್ ಪಂಥದ ಸಂನ್ಯಾಸಿಗಳನ್ನು ಸುಡಲಾಯಿತು. ಲೂಥರನು ಅವರನ್ನು ಕುರಿತು ಜನರಾಡುವ ಜರ್ಮನ್ ಭಾಷೆಯಲ್ಲಿ ಹಾಡು ಕಟ್ಟಿದನು. ಅದು ಅಚ್ಚಾಗಿ ಊರೂರಿಗೆ ಹರಡಿತು. ದೇಶಭಾಷೆ ಮತ್ತು ಅಚ್ಚುಕೂಟಗಳ ಮೇಲಣ ಈ ನಂಬಿಕೆಯೇ ಪ್ರಾಟೆಸ್ಟಂಟ್ ಮಿಶನರಿಗಳೊಡನೆ ಮುಂದೆ ಕರಾವಳಿಗೂ ಬಂದಿತು.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರನ್ನು ಸೇರಿತು. ಅದರ ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಎಣಿಸಲಾಗಿರುವ ಈ ಪಾಕ್ಷಿಕಕ್ಕೆ ನಾಲ್ಕು ಪುಟ, ಕಲ್ಲಚ್ಚಿನ ಮುದ್ರಣ, ಒಂದು ದುಡ್ಡಿನ ಬೆಲೆ. ಮೋಗ್ಲಿಂಗನು ಬಂದುದು ಮತಪ್ರಸಾರಕ್ಕೆ, ಇದನ್ನು ಮರೆಮಾಚಬೇಕಾಗಿಲ್ಲ. ಆದರೆ ಪತ್ರಿಕೆಯಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳೊಡನೆ ಪುರಂದರದಾಸರ ಪದಗಳೂ ಅಚ್ಚಾದುವು. ಆತನನ್ನು ಬರಿಯ ಕನ್ನಡ ಸೇವಕನೆಂದು ಹೊಗಳುವವರೂ ಬರಿಯ ಮತಪ್ರಚಾರಕನೆಂದು ತಳ್ಳುವವರೂ ಅರ್ಧವನ್ನೇ ಹೇಳುತ್ತಾರೆ. ಕರ್ನಾಟಕದಲ್ಲಿ ಈ ದಿನವನ್ನೇ ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ತಾರೀಖು ಇನ್ನೊಂದು ಕಾರಣದಿಂದ ಪರಿಚಿತ. 1822ರ ಜುಲೈ 1ರಂದೇ ಗುಜರಾತಿಯ 'ಮುಂಬಯಿ ಸಮಾಚಾರ' ಆರಂಭವಾಯಿತು. ಅದನ್ನು ಸ್ಥಾಪಿಸಿದ ಫರ್ದೂನ್‌ಜಿ ಮರ್ಜಬಾನ್ ಸೂರತ್ತಿನಲ್ಲಿ ಹುಟ್ಟಿದ ಪಾರ್ಸಿ. ಯಾವ ಮಿಶನ್ನಿನ ಆಶ್ರಯವೂ ಅದಕ್ಕಿರಲಿಲ್ಲ. ಅದು ಶತಮಾನಗಳನ್ನು ದಾಟಿ ಬಾಳಿತು. ಮಂಗಳೂರಿನದು ವರ್ಷವನ್ನೂ ತುಂಬದೆ 1844ರಲ್ಲಿ 'ಕನ್ನಡ ಸಮಾಚಾರ'ವೆಂದು ಹೆಸರಾಂತು ಬಳ್ಳಾರಿಗೆ ಹೋಯಿತು. ತಾರೀಖು ಕೂಡಿದ್ದು ಆಕಸ್ಮಿಕ. ಬಾಳಿಕೆಯ ಅಂತರ ಆಕಸ್ಮಿಕವಲ್ಲ. ಒಂದಕ್ಕೆ ಮುಂಬಯಿಯ ವರ್ತಕರು ಓದುಗರಾಗಿದ್ದರು. ಇನ್ನೊಂದು ಓದುಗರನ್ನು ಹುಡುಕಿಕೊಂಡು ಊರು ಬಿಡಬೇಕಾಯಿತು.

ಆ ಬಳ್ಳಾರಿಗೂ ಗುಜರಾತಿಗೂ ನಿಜವಾದ ನಂಟೊಂದುಂಟು. ಲಂಡನ್ ಮಿಶನರಿ ಸೊಸೈಟಿ 1810ರಲ್ಲಿ ಬಳ್ಳಾರಿಯಲ್ಲಿಯೂ 1815ರಲ್ಲಿ ಸೂರತ್ತಿನಲ್ಲಿಯೂ ಕೆಲಸ ಆರಂಭಿಸಿತು. ಎರಡೂ ಕಡೆ ಅಚ್ಚುಕೂಟಗಳನ್ನಿಟ್ಟಿತು. ಅದರ ಬಳ್ಳಾರಿಯ ಮಿಶನರಿಯೊಬ್ಬರ ಮಗನಾಗಿ 1820ರಲ್ಲಿ ಅಲ್ಲಿಯೇ ಹುಟ್ಟಿದ ಜೋಸೆಫ್ ವಾನ್ ಸೋಮರನ್ ಟೇಲರ್ ವಡೋದರ, ಬೋರ್ಸದ್‌ಗಳಲ್ಲಿ ದುಡಿದು, 1867ರಲ್ಲಿ ಗುಜರಾತಿ ವ್ಯಾಕರಣವನ್ನು ಪ್ರಕಟಿಸಿದನು. ಗುಜರಾತಿ ವಿದ್ವಾಂಸರು ಅದನ್ನು ಇಂದಿಗೂ ಸ್ಮರಿಸುತ್ತಾರೆ. ಅದರ ಕರ್ತೃ ಬಳ್ಳಾರಿಯವನೆಂಬುದನ್ನು ಕನ್ನಡಿಗರು ನೆನೆಯುವುದು ಅಪರೂಪ. ಮೋಗ್ಲಿಂಗನೂ ಟೇಲರನೂ 1881ರಲ್ಲಿ, ಒಂದು ತಿಂಗಳೊಳಗಿನ ಅಂತರದಲ್ಲಿ, ತೀರಿಕೊಂಡರು.