ಬೀಜವಿಲ್ಲದ ಹುಲ್ಲಿನ ಇಳುವರಿ

ಹೊಲದ ಬದುವಿನಲ್ಲಿ, ಕೊಟ್ಟಿಗೆಯ ನೀರು ಹರಿದುಹೋಗುವ ಕಡೆಯಲ್ಲಿ ಆಳೆತ್ತರ ನಿಲ್ಲುವ ಸೀಮೆಹುಲ್ಲನ್ನು ನಾವೆಲ್ಲ ಕಂಡಿದ್ದೇವೆ. ಅದಕ್ಕೂ ಒಂದು ಚರಿತ್ರೆಯಿದೆ.

ಆಫ್ರಿಕದ ಆನೆಹುಲ್ಲನ್ನು ಮೇವಿಗಾಗಿ ಬೆಳೆಸಬಹುದೆಂದು 20ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಕೃಷಿ ಇಲಾಖೆಯ ಗಮನ ಸೆಳೆದವನು ಬುಲವಾಯೊದ ಕರ್ನಲ್ ನೇಪಿಯರ್. ಅವನ ಹೆಸರೇ ಹುಲ್ಲಿಗೆ ಉಳಿಯಿತು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಚಿಗುರುವ ಈ ಹುಲ್ಲು ಬಲಿತಾಗ ಒರಟು. ಸಜ್ಜೆಯ ಮೇವು ಮೆದು, ಆದರೆ ಒಂದೇ ಹಂಗಾಮಿನದು. ಇವೆರಡನ್ನೂ ಕೂಡಿಸಿದ ತಳಿ 1953ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿತು. ಮುಂದೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಿಂದ ‘ಪೂಸಾ ಜೈಂಟ್’ ಬಂತು.

ನೇಪಿಯರ್ ಹುಲ್ಲಿನ ವರ್ಣತಂತುಗಳು 28, ಸಜ್ಜೆಯವು 14. ಎರಡರಿಂದಲೂ ಅರ್ಧರ್ಧ ಪಡೆದ ಮಿಶ್ರತಳಿಗೆ 21. ಈ ಬೆಸಸಂಖ್ಯೆ ಸರಿಯಾಗಿ ಜೋಡಿಯಾಗದು. ಹುಲ್ಲು ಬೀಜ ಕಟ್ಟದು. ಹಾಗಾಗಿ ರೈತರು ನೆಡುವುದು ಕಾಂಡದ ತುಂಡನ್ನು ಅಥವಾ ಬೇರುಸಹಿತ ತೆಂಡೆಯನ್ನು. ತಳಿ ತಜ್ಞರು ಆರಿಸಿದ ಒಂದೇ ಒಂದು ಗಿಡ ಕೈಯಿಂದ ಕೈಗೆ ದಾಟಿ ಸಾವಿರಾರು ಹೊಲಗಳಾಗುತ್ತದೆ. ಆಯ್ಕೆ ತಪ್ಪಿದರೆ ಆ ತಪ್ಪೂ ಅಷ್ಟೇ ಹೊಲಗಳಲ್ಲಿ ಚಿಗುರುತ್ತದೆ.

ಹಾಗಾದರೆ ಯಾವ ಗಿಡವನ್ನು ಆರಿಸಬೇಕು? ಕಣ್ಣು ಮೊದಲು ಹೋಗುವುದು ಎತ್ತರಕ್ಕೆ. ಆದರೆ ಇಳುವರಿಯ ಹಿಂದೆ ತೆಂಡೆಗಳ ಸಂಖ್ಯೆ, ಎಲೆಯ ಉದ್ದಗಲ, ಕಾಂಡದ ದಪ್ಪ ಎಲ್ಲವೂ ಇವೆ. ಒಂದರ ಪ್ರಭಾವ ಇನ್ನೊಂದರ ಮರೆಯಲ್ಲಿ ಅಡಗಿರುತ್ತದೆ. ಯಾವುದು ನೇರ ಕಾರಣ, ಯಾವುದು ಜೊತೆಗಾರ ಮಾತ್ರ ಎಂದು ಬಿಡಿಸುವ ಲೆಕ್ಕವನ್ನು ಅಮೆರಿಕದ ಸೀವಾಲ್ ರೈಟ್ 1921ರಲ್ಲಿ ವಿವರಿಸಿದ. 1959ರಲ್ಲಿ ಡ್ಯೂಯಿ ಮತ್ತು ಲು ಅದನ್ನು ಕ್ರೆಸ್ಟೆಡ್ ವೀಟ್‌ಗ್ರಾಸ್ ಎಂಬ ಮೇವಿನ ಹುಲ್ಲಿನ ಬೀಜದ ಇಳುವರಿಗೆ ಅನ್ವಯಿಸಿದರು. ಇಂದು ಬೆಳೆ ತಳಿಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಕಲಿಯುವ ವಿಧಾನವಿದು.

ಆದರೂ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ಹಸಿಹುಲ್ಲಿನ ತೂಕದಲ್ಲಿ ಬಹುಪಾಲು ನೀರು. ಕೊಯ್ಲು ತಡವಾದಷ್ಟೂ ತೂಕ ಏರುತ್ತದೆ, ಸಸಾರಜನಕ ಇಳಿಯುತ್ತದೆ. ಅದಕ್ಕೇ ಒಣತೂಕವನ್ನೂ ಎಲೆ–ಕಾಂಡದ ಪ್ರಮಾಣವನ್ನೂ ಅಳೆಯುತ್ತಾರೆ. ಧಾರವಾಡದ ಮೇವು ಸಂಶೋಧನಾ ಕೇಂದ್ರದ ‘ಡಿಎಚ್‌ಎನ್-6’ ಸೇರಿದಂತೆ ಹೊಸ ತಳಿಗಳೆಲ್ಲ ಎದುರಿಸಬೇಕಾದ ಪರೀಕ್ಷೆಯಿದು.

ಕೊನೆಯ ಪರೀಕ್ಷೆ ಮಾತ್ರ ಕೊಟ್ಟಿಗೆಯಲ್ಲಿ. ಬೆಳಿಗ್ಗೆ ಗೋದಲಿ ಗುಡಿಸುವಾಗ ಹಸು ತಿನ್ನದೆ ಬಿಟ್ಟ ದಂಟೆಷ್ಟು ಎಂದು ನೋಡಿದರೆ ಸಾಕು. ಅಷ್ಟನ್ನು ಇಳುವರಿಯಿಂದ ಕಳೆಯಬೇಕು.