ಪರದೇಶದ ಬಾಗಿಲಲ್ಲಿ ಮಕ್ಕಳ ದೇಹಪರೀಕ್ಷೆ

ಹೊನ್ನಾವರದಿಂದ ತೆಂಕಣಕ್ಕೆ, ಶರಾವತಿಯ ಅಳಿವೆಯನ್ನೂ ಕಾಸರಕೋಡನ್ನೂ ದಾಟಿ, ಅಪ್ಸರಕೊಂಡದ ಗುಡ್ಡವನ್ನೇರಿ ನಿಂತವನ ಕಣ್ಣಿಗೆ ಬೀಳುವ ಪಡುಗಡಲು ಶತಮಾನಗಳ ಕಾಲ ಈ ಕರಾವಳಿಗೆ ಜನರನ್ನು ತಂದಿಳಿಸಿದ, ಇಲ್ಲಿಂದ ಜನರನ್ನು ಹೊತ್ತೊಯ್ದ ಹೆದ್ದಾರಿ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿಳಿದ ಇಬ್ನ್ ಬತೂತ, ಇಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುವೆಂದು ಬರೆದಿಟ್ಟಿದ್ದಾನೆ. ಆ ಕಾಲದಲ್ಲಿ ಬಂದು ನೆಲಸಬಯಸಿದವನ ಸರಕಿಗೆ ಸುಂಕವಿದ್ದಿತೇ ಹೊರತು, ಅವನ ಕೂಸಿನ ಎದೆಗೂಡನ್ನು ಬಡಿದು ನೋಡುವ ಪದ್ಧತಿಯಿನ್ನೂ ಲೋಕದಲ್ಲಿ ಹುಟ್ಟಿರಲಿಲ್ಲ. ರೋಗಭೀತಿಯಿಂದ ಪರಸ್ಥಳದವರನ್ನು ಊರ ಹೊರಗೆ ತಡೆದಿರಿಸುವ ವಿಧಿಯನ್ನು ಏಡ್ರಿಯಾಟಿಕ್ ತೀರದ ರಗೂಸಾ ನಗರ ಮಾಡಿದ್ದು 1377ರಲ್ಲಿ.

ನಮ್ಮ ಕರಾವಳಿಗೆ ಅಂಥ ವಿಧಿಯ ಕಠೋರ ರೂಪ ಪರಿಚಯವಾದುದು ಪ್ಲೇಗಿನ ದೆಸೆಯಿಂದ. 1896ರಲ್ಲಿ ಮುಂಬಯಿಯಲ್ಲಿ ಮಾರಿಬೇನೆ ಕಾಣಿಸಿಕೊಳ್ಳಲು, ಮರುವರ್ಷವೇ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಶಾಸನವು ಹಡಗನ್ನೂ ಪ್ರಯಾಣಿಕನನ್ನೂ ಪರೀಕ್ಷಿಸುವ, ಸಂಶಯ ಬಂದರೆ ತಡೆದಿಡುವ ಅಧಿಕಾರವನ್ನು ಸರಕಾರಕ್ಕಿತ್ತಿತು. ಆಗ ಮುಂಬಯಿ ಇಲಾಖೆಗೇ ಸೇರಿದ್ದ ಉತ್ತರ ಕನ್ನಡವೂ ಅದರ ವ್ಯಾಪ್ತಿಯಲ್ಲಿತ್ತು. ಆ ಶಾಸನ ಎಷ್ಟೇ ನಿರ್ದಯವಾಗಿರಲಿ, ಅದು ಅಂಜಿದ್ದು ರೋಗಕ್ಕೆ. ರೋಗಿಯ ಖರ್ಚನ್ನು ಅದು ಎಣಿಸಲಿಲ್ಲ.

ಖರ್ಚಿನ ಎಣಿಕೆ ಕಾಣಿಸಿಕೊಂಡದ್ದು ಅಟ್ಲಾಂಟಿಕದ ಆಚೆಗೆ. ಅಪಾಯಕರ ಅಂಟುರೋಗವುಳ್ಳವರನ್ನು ಅಮೆರಿಕ ಹೊರಗಿಟ್ಟದ್ದು 1891ರ ಶಾಸನದಿಂದ. ತಿರಸ್ಕೃತರನ್ನು ಸ್ವಂತ ವೆಚ್ಚದಿಂದ ಮರಳಿ ಒಯ್ಯುವ ಭಾರವನ್ನು ಅದೇ ಶಾಸನ ಹಡಗಿನ ಕಂಪನಿಗಳ ತಲೆಗೆ ಕಟ್ಟಿದುದರಿಂದ, ಹತ್ತಿಸಿಕೊಳ್ಳುವ ಬಂದರಿನಲ್ಲಿಯೇ ಕಣ್ಣು ಮೈ ನೋಡುವ ರೂಢಿ ಬೆಳೆಯಿತು. ವಲಸಿಗರ ತಪಾಸಣೆಗೆಂದು 1892ರಲ್ಲಿ ತೆರೆದ ಎಲ್ಲಿಸ್ ದ್ವೀಪದಲ್ಲಿ ವೈದ್ಯರು ಕಣ್ಣೆವೆಯನ್ನು ಮಗುಚಿ ಟ್ರಕೋಮಾ ಎಂಬ ಕಣ್ಣಿನ ಅಂಟುರೋಗವನ್ನು ಹುಡುಕುತ್ತಿದ್ದರು. ನಡೆಯಬಲ್ಲ ವಯಸ್ಸಿನ ಮಕ್ಕಳನ್ನು ತಾಯ ಕಂಕುಳಿನಿಂದಿಳಿಸಿ ನಡೆಸಿ ನೋಡುತ್ತಿದ್ದರು. ಅಮೆರಿಕದ ಪಶ್ಚಿಮ ತೀರದ ಏಂಜಲ್ ದ್ವೀಪದಲ್ಲಿ, 1910ರಿಂದೀಚೆಗೆ, ನಮ್ಮ ದೇಶದವರನ್ನು ಹಿಂದಟ್ಟಲು ಒದಗಿದ ನೆಪ ಕೊಕ್ಕೆಹುಳು. ಅಂದಿನ ಔಷಧದಿಂದಲೇ ಗುಣವಾಗುತ್ತಿದ್ದ ಈ ಬಾಧೆ, ಮಳೆಗಾಲದ ತೋಟದ ಹಸಿಮಣ್ಣಿನಲ್ಲಿ ಬರಿಗಾಲಿನಲ್ಲಿ ಓಡಾಡುವ ಯಾರಿಗಾದರೂ ತಗಲಬಹುದಾದದ್ದು. ಅದನ್ನು ಭಯಾನಕ ವ್ಯಾಧಿಗಳ ಸಾಲಿನಲ್ಲಿ ಕೂರಿಸಿದವರಿಗೆ ಹುಳುವಿಗಿಂತ ಹುಳುವನ್ನು ಹೊತ್ತವನ ಮೈಬಣ್ಣವೇ ಹೆಚ್ಚು ಅಸಹ್ಯವಾಗಿದ್ದಿತೆಂದು ನಾನು ಎಣಿಸುತ್ತೇನೆ.

1924ರ ಬಳಿಕ ಪರೀಕ್ಷೆ ವಲಸಿಗನ ಸ್ವದೇಶಕ್ಕೇ ವರ್ಗವಾಯಿತು. 1965ರ ಅಮೆರಿಕದ ವಲಸೆ ಶಾಸನ, ವಲಸಿಗರನ್ನು ಆಯುವ 1967ರ ಕೆನಡಾದ ಅಂಕಪದ್ಧತಿ, ಇವು ಬಣ್ಣದ ಬೇಲಿಯನ್ನು ಕಿತ್ತರೂ ದೇಹಪರೀಕ್ಷೆ ಉಳಿಯಿತು. ಭಟ್ಕಳದವರು ಬಹುವಾಗಿ ಹೋಗುವ ಕೊಲ್ಲಿ ದೇಶಗಳಲ್ಲಿ ದುಬೈಯಂಥ ಕಡೆ 18 ತುಂಬದ ಮಕ್ಕಳಿಗೆ ಈ ತಪಾಸಣೆಯಿಲ್ಲ, ಆದರೆ ಅಲ್ಲಿನ ವಾಸ ಶಾಶ್ವತವೂ ಅಲ್ಲ. ಹೊನ್ನಾವರ, ಕುಮಟೆಗಳ ಮನೆಗಳಿಂದ ಓದಿ ಬೆಂಗಳೂರು ಸೇರಿ, ಅಲ್ಲಿಂದ ಖಾಯಂ ವಾಸಕ್ಕೆಂದು ಕೆನಡಾಕ್ಕೆ ಅರ್ಜಿ ಹಾಕಿದವರು ಮಾತ್ರ ಆ ಸರಕಾರ ನೇಮಿಸಿದ ವೈದ್ಯರಲ್ಲಿಗೆ ಕೂಸನ್ನೆತ್ತಿಕೊಂಡು ಹೋಗಲೇಬೇಕು: ಎಳೆಗೂಸಿಗೆ ಮೈ ನೋಡಿದರೆ ಸಾಕು, 5 ತುಂಬಿದ ಮೇಲೆ ಮೂತ್ರಪರೀಕ್ಷೆ, 11ರಿಂದ ಎದೆಯ ಕ್ಷ-ಕಿರಣ ಚಿತ್ರ, 15ರಿಂದ ರಕ್ತಪರೀಕ್ಷೆ.

ಕ್ಷಯವನ್ನು ಹುಡುಕುವುದರಲ್ಲಿ ಅನ್ಯಾಯವೇನೂ ಇಲ್ಲ. ಅಂಟದ ಊನಕ್ಕೂ ಬೆಲೆ ಕಟ್ಟುವುದು ಬೇರೆ ಮಾತು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಹಾರ್ಷಮ್ ಎಂಬ ಊರು, ವೈದ್ಯರ ಅಭಾವದಿಂದ ಬಳಲುತ್ತಿದ್ದುದರಿಂದ ಜರ್ಮನಿಯಿಂದ ವೈದ್ಯನೊಬ್ಬನನ್ನು ಬರಮಾಡಿಕೊಂಡಿತು. 2008ರಲ್ಲಿ ಅವನ ಮಗನಿಗೆ ಡೌನ್ ಸಿಂಡ್ರೋಮ್ ಇರುವುದು ಬೊಕ್ಕಸಕ್ಕೆ ಹೊರೆಯೆಂದು ಇಡೀ ಸಂಸಾರದ ಖಾಯಂ ವಾಸದ ಅರ್ಜಿಯೇ ತಿರಸ್ಕೃತವಾಯಿತು, ಏಕೆಂದರೆ ಅಲ್ಲಿಯ ನಿಯಮದಂತೆ ಒಬ್ಬನು ತೇರ್ಗಡೆಯಾಗದಿದ್ದರೆ ಮನೆಮಂದಿಯೆಲ್ಲ ನಪಾಸು. ಊರವರು ದನಿಯೆತ್ತಲಾಗಿ ಮಂತ್ರಿಯೇ ಕೈಹಾಕಿ ಅನುಮತಿಯಿತ್ತರು. ಕೆನಡಾದ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ, ಮಗುವಿನ ವೆಚ್ಚವನ್ನು ಭರಿಸಲು ತಂದೆತಾಯಿಗಳಿಗಿರುವ ಶಕ್ತಿಯನ್ನೂ ಇಚ್ಛೆಯನ್ನೂ ನೋಡಬೇಕೆಂದು ತೀರ್ಪಿತ್ತಿತು. 2018ರಲ್ಲಿ ಸರಕಾರವೇ ವೆಚ್ಚದ ಮಿತಿಯನ್ನು ಮೂರು ಪಟ್ಟು ಏರಿಸಿ, ವಿಶೇಷ ಶಿಕ್ಷಣದ ಖರ್ಚನ್ನು ಲೆಕ್ಕದಿಂದ ತೆಗೆದುಹಾಕಿತು.

ಆದರೂ ಒಂದು ಮುಳ್ಳು ಉಳಿದಿದೆ. ಕೂಸನ್ನು ಸದ್ಯಕ್ಕೆ ಕುಮಟೆಯ ಅಜ್ಜಿಮನೆಯಲ್ಲಿ ಬಿಟ್ಟುಹೋಗುವ ತಂದೆತಾಯಿಗಳು, ಜೊತೆಗೆ ಬಾರದ ಮಗುವಿಗೆ ಪರೀಕ್ಷೆಯೇತಕ್ಕೆಂದು ಭಾವಿಸಿ ಅದರ ಹೆಸರನ್ನೇ ಅರ್ಜಿಯಿಂದ ಬಿಟ್ಟರೆ, ತಾವು ಹೋಗಿ ನೆಲಸಿದ ಬಳಿಕ ಅದೇ ಮಗುವನ್ನು ಕುಟುಂಬದವರೆಂದು ಕರೆಸಿಕೊಳ್ಳುವ ಹಕ್ಕನ್ನು ಕೆನಡಾದ ನಿಯಮ ಅವರಿಗೆ ಕೊಡುವುದಿಲ್ಲ. 2019ರ ಸೆಪ್ಟೆಂಬರಿನಿಂದ ಈ ಬಿಗಿಯನ್ನು ಸಡಿಲಿಸಿದ್ದು ನಿರಾಶ್ರಿತರಿಗೆ ಹಾಗೂ ಬಾಳಸಂಗಾತಿಯೋ ತಂದೆತಾಯಿಯೋ ಕರೆಸಿಕೊಂಡವರಿಗೆ; ವಿದ್ಯೆ, ಉದ್ಯೋಗಗಳ ಅಂಕಗಳಿಂದ ಹೋದವರಿಗೆ, ಎಂದರೆ ನಮ್ಮವರಲ್ಲಿ ಬಹುಮಂದಿಗೆ, ಆ ವಿನಾಯಿತಿ ಅನ್ವಯಿಸಲಿಲ್ಲ.