ಆಜ್ಞಾಪಾಠದ ಮುದ್ರಣಕ್ರಮ: ಗಣಕ ನಿರ್ವಹಣೆಯ ಕೈಪಿಡಿಗಳ ಚರಿತ್ರೆಯಲ್ಲಿ ಒಂದು ಅಧ್ಯಾಯ

ಓಲೆಯ ಗ್ರಂಥವನ್ನು ಪ್ರತಿಮಾಡುವ ಲಿಪಿಕಾರನು ಒಂದಕ್ಷರವನ್ನು ಬಿಟ್ಟರೆ, ವ್ಯುತ್ಪನ್ನನಾದ ಓದುಗನು ಛಂದಸ್ಸಿನ ಬಲದಿಂದಲೋ ಅರ್ಥದ ಬಲದಿಂದಲೋ ಅದನ್ನು ತುಂಬಿಕೊಳ್ಳಬಲ್ಲನು. ಗಣಕಯಂತ್ರಕ್ಕೆ ಈ ಸಾಮರ್ಥ್ಯವಿಲ್ಲ. ಅದಕ್ಕೆ ಕೊಟ್ಟ ಆಜ್ಞೆಯಲ್ಲಿ ಒಂದು ಗೆರೆ ಬದಲಾದರೆ, ಒಂದು ತೆರಪು ಹೆಚ್ಚಾದರೆ, ಆಜ್ಞೆಯೇ ಬೇರೆಯಾಗುತ್ತದೆ. ಆದುದರಿಂದ ಗಣಕಗಳನ್ನು ನಿರ್ವಹಿಸುವವರಿಗಾಗಿ ಬರೆದ ಕೈಪಿಡಿಗಳಲ್ಲಿ ಆಜ್ಞೆಗಳನ್ನು ಅಚ್ಚುಹಾಕುವ ಕ್ರಮವು ಅಲಂಕಾರದ ಮಾತಲ್ಲ. ಅದು ಪಾಠಶುದ್ಧಿಯ ಮಾತು. ಇಂದು ಕೋಡ್ ಬ್ಲಾಕ್ ಎಂದು ಹೇಳುವ ಆಜ್ಞಾಖಂಡವು ಈಗಿನ ರೂಪಕ್ಕೆ ಬಂದುದು ಹೇಗೆ, ಆ ದಾರಿಯಲ್ಲಿ ಅದು ಗಳಿಸಿದುದೇನು, ಕಳೆದುಕೊಂಡುದೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

೧

ಆಜ್ಞಾಖಂಡದಲ್ಲಿ ನಾಲ್ಕು ಬಗೆಯ ಬರವಣಿಗೆ ಕಲೆತಿರುತ್ತದೆ. ಓದುಗನು ಇದ್ದುದನ್ನು ಇದ್ದಂತೆಯೇ ಒತ್ತಬೇಕಾದ ಅಕ್ಷರಗಳು ಮೊದಲನೆಯವು. ಅವನು ತನ್ನ ಕಡತದ ಅಥವಾ ಯಂತ್ರದ ಹೆಸರನ್ನು ಇಟ್ಟು ಬದಲಿಸಿಕೊಳ್ಳಬೇಕಾದ ಪದಗಳು ಎರಡನೆಯವು. ಯಂತ್ರವು ಉತ್ತರವಾಗಿ ತೋರಿಸುವ ಸಾಲುಗಳು ಮೂರನೆಯವು. ಆಜ್ಞೆಗಾಗಿ ಕಾದಿರುವೆನೆಂದು ಯಂತ್ರವು ಮುಂದಿಡುವ ಗುರುತು, ಎಂದರೆ ಪ್ರಾಂಪ್ಟ್, ನಾಲ್ಕನೆಯದು. ಈ ನಾಲ್ಕನ್ನು ಒಂದರಿಂದೊಂದು ಬೇರ್ಪಡಿಸಿ ತೋರಿಸುವ ಪ್ರಯತ್ನವೇ ಈ ಮುದ್ರಣಕ್ರಮದ ಚರಿತ್ರೆಯ ತಿರುಳು.

ಅಚ್ಚಿನಲ್ಲಿ ಕಾಣುವ ರೂಪವೂ ಯಂತ್ರಕ್ಕೆ ಕೊಡುವ ರೂಪವೂ ಒಂದೇ ಆಗಿರಬೇಕೆಂಬ ನಿಯಮವು ಮೊದಲಿನಿಂದ ಇದ್ದುದಲ್ಲ. ೧೯೬೦ರ ಆಲ್ಗಾಲ್ ಭಾಷೆಯ ವರದಿಯು ಆಕರರೂಪ, ಪ್ರಕಟನರೂಪ, ಯಂತ್ರರೂಪ ಎಂಬ ಮೂರನ್ನು ಒಪ್ಪಿಕೊಂಡಿದ್ದಿತು. ಪುಸ್ತಕದಲ್ಲಿ ಆ ಭಾಷೆಯ ಮುಖ್ಯ ಪದಗಳನ್ನು ದಪ್ಪಕ್ಷರದಲ್ಲಿ ಅಚ್ಚುಹಾಕುತ್ತಿದ್ದರು. ಯಂತ್ರಗಳಲ್ಲಿ ದಪ್ಪಕ್ಷರವೇ ಇರಲಿಲ್ಲ. ವಿದ್ವಾಂಸರು ತಮ್ಮತಮ್ಮಲ್ಲಿ ವಿಚಾರವಿನಿಮಯ ಮಾಡುವುದಕ್ಕೆ ಈ ಏರ್ಪಾಟು ಸಾಕಾಗಿದ್ದಿತು. ಆದರೆ ನಿರ್ವಾಹಕನ ಕೈಪಿಡಿಯು ಚರ್ಚೆಯ ಗ್ರಂಥವಲ್ಲ. ಅದನ್ನು ಮುಂದಿಟ್ಟುಕೊಂಡು ಅವನು ಆ ಕ್ಷಣವೇ ಕೆಲಸ ಮಾಡಬೇಕಾಗಿದೆ. ಅಲ್ಲಿ ರೂಪಭೇದಕ್ಕೆ ಎಡೆಯಿಲ್ಲ.

೨

೧೯೭೧ನೆಯ ನವೆಂಬರ್ ೩ನೆಯ ತಾರೀಖನ್ನು ಹೊತ್ತಿರುವ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯು ಈ ಚರಿತ್ರೆಯಲ್ಲಿ ಗಣ್ಯವಾದುದು. ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಇವರ ಕೃತಿಯಿದು. ಅಂದಿನ ಟೆಲಿಟೈಪ್ ಯಂತ್ರದಲ್ಲಿ ಎಲ್ಲ ಅಕ್ಷರಗಳೂ ಸಮನಾದ ಅಗಲದವು. ದಪ್ಪಕ್ಷರವಾಗಲಿ ಓರೆಯಕ್ಷರವಾಗಲಿ ಇಲ್ಲ. ಇದ್ದ ಒಂದೇ ಉಪಾಯ ಅಡಿಗೆರೆ. ಅಡಿಗೆರೆಯುಳ್ಳ ಪದಗಳನ್ನು ಇದ್ದಂತೆಯೇ ಒತ್ತತಕ್ಕದ್ದು, ಚೌಕ ಕಂಸದೊಳಗಿನವು ಐಚ್ಛಿಕ, ಮೂರು ಚುಕ್ಕಿಗಳು ಪುನರಾವೃತ್ತಿಯನ್ನು ಸೂಚಿಸುವವು ಎಂದು ಪೀಠಿಕೆಯಲ್ಲಿಯೇ ವಿಧಿಸಲಾಯಿತು. ನಾಲ್ಕು ಬಗೆಗಳಲ್ಲಿ ಮೊದಲೆರಡನ್ನು ಬಿಡಿಸಿ ತೋರಿಸುವ ಸಂಕಲ್ಪವು ಹೀಗೆ ಆರಂಭದಲ್ಲಿಯೇ ಕಾಣುತ್ತದೆ.

ಪುಟವನ್ನು ಯಂತ್ರದಿಂದಲೇ ಹವಣಿಸುವ ವಿದ್ಯೆ ಅದಕ್ಕೂ ಹಿಂದಿನದು. ಮಸಾಚುಸೆಟ್ಸಿನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಜೆರೋಮ್ ಸಾಲ್ಟ್‌ಜರ್ ೧೯೬೪ರಲ್ಲಿ ರಚಿಸಿದ ರನ್‌ಆಫ್ ಎಂಬ ತಂತ್ರಾಂಶದಿಂದ ರಾಫ್ ಮೊದಲಾದವು ಹುಟ್ಟಿದವು. ೧೯೭೩ರ ಸುಮಾರಿಗೆ ಜೋ ಒಸಾನ ಎಂಬಾತನು ಬೆಳಕಿನಿಂದ ಅಚ್ಚುಜೋಡಿಸುವ ಯಂತ್ರಕ್ಕಾಗಿ ಟ್ರಾಫ್ ಎಂಬುದನ್ನು ಬರೆದನು. ಆ ಯಂತ್ರವು ಏಕಕಾಲಕ್ಕೆ ನಾಲ್ಕು ಅಕ್ಷರಮಾಲೆಗಳನ್ನು ಮಾತ್ರ ಧರಿಸಬಲ್ಲುದಾಗಿದ್ದಿತು: ನೇರ, ಓರೆ, ದಪ್ಪ, ವಿಶೇಷಚಿಹ್ನೆ. ೧೯೭೯ರ ಏಳನೆಯ ಆವೃತ್ತಿಯ ಹೊತ್ತಿಗೆ ಇದ್ದಂತೆ ಒತ್ತತಕ್ಕವು ದಪ್ಪಕ್ಷರದಲ್ಲಿಯೂ ಬದಲಿಸತಕ್ಕವು ಓರೆಯಕ್ಷರದಲ್ಲಿಯೂ ಬರುವ ಪದ್ಧತಿ ನೆಲೆಗೊಂಡಿತು. ಇಲ್ಲೊಂದು ವಿಪರ್ಯಾಸವುಂಟು. ಓರೆಯಕ್ಷರವಿಲ್ಲದ ತೆರೆಯ ಮೇಲೆ ಅದರ ಬದಲು ಅಡಿಗೆರೆಯೇ ಬರುತ್ತಿದ್ದಿತು. ೧೯೭೧ರಲ್ಲಿ ‘ಹೀಗೆಯೇ ಒತ್ತು’ ಎಂದು ಸಾರುತ್ತಿದ್ದ ಗೆರೆಯು ಎಂಟು ವರ್ಷಗಳಲ್ಲಿ ‘ಇದನ್ನು ಬದಲಿಸು’ ಎಂದು ಸಾರತೊಡಗಿತು!

ಸಮಾಗಲದ ಅಕ್ಷರವು ಟೆಲಿಟೈಪಿನೊಡನೆ ಮರೆಯಾಗಬಹುದಾಗಿದ್ದಿತು, ಆಗಲಿಲ್ಲ. ಕರ್ನಿಘಾನ್ ಮತ್ತು ರಿಚಿ ೧೯೭೮ರಲ್ಲಿ ಸಿ ಭಾಷೆಯ ಮೇಲೆ ಪ್ರಕಟಿಸಿದ ಗ್ರಂಥದಲ್ಲಿ ವಿವರಣೆಯು ಟೈಮ್ಸ್ ಅಕ್ಷರದಲ್ಲಿಯೂ ಉದಾಹರಣೆಗಳು ಬೆರಳಚ್ಚಿನ ಕೊರಿಯರ್ ಅಕ್ಷರದಲ್ಲಿಯೂ ಇವೆ. ಇದಕ್ಕೆ ಪ್ರಯೋಜನದ ಆಧಾರವುಂಟು. ಅಗಲ ಬೇರೆಬೇರೆಯಾದ ಅಕ್ಷರಗಳ ನಡುವೆ ತೆರಪು ಕಿರಿದಾಗಿ ಕಣ್ಣಿಗೆ ತಪ್ಪುತ್ತದೆ. ಸಮಾಗಲದಲ್ಲಿ ತೆರಪಿಗೂ ಒಂದಕ್ಷರದ ಸ್ಥಾನವುಂಟು. ಒಂದು ತೆರಪಿನ ಬೆಲೆಯೇನೆಂಬುದು ೨೦೧೧ರಲ್ಲಿ ಎಲ್ಲರಿಗೂ ತಿಳಿಯಿತು. ಬಂಬಲ್‌ಬೀ ಎಂಬ ತಂತ್ರಾಂಶವನ್ನು ಸ್ಥಾಪಿಸುವ ಆಜ್ಞಾಸರಣಿಯಲ್ಲಿ ಒಂದು ಒಳಕೋಶವನ್ನು ಅಳಿಸಬೇಕಾಗಿದ್ದ ಸಾಲಿನ ನಡುವೆ ಅನವಶ್ಯಕವಾದ ಒಂದು ತೆರಪು ಸೇರಿಕೊಂಡು, ಲಿನಕ್ಸ್ ಯಂತ್ರದ ‘ಯುಎಸ್‌ಆರ್’ ಎಂಬ ಮಹಾಕೋಶವನ್ನೇ ಅಳಿಸುವ ಆಜ್ಞೆಯಾಯಿತು.

೩

ಅಡ್ಡಗೆರೆಯ ಕಥೆಯು ಇನ್ನೂ ಸೂಕ್ಷ್ಮವಾದುದು. ಆಜ್ಞೆಯ ವಿಕಲ್ಪಗಳು ಅಡ್ಡಗೆರೆಯಿಂದ ಆರಂಭವಾಗುವ ವಾಡಿಕೆ ಮೊದಲ ಕೈಪಿಡಿಯಲ್ಲಿಯೇ ಇದೆ. ಆದರೆ ಮುದ್ರಣಶಾಸ್ತ್ರದಲ್ಲಿ ಪದಗಳನ್ನು ಕೂಡಿಸುವ ಗೆರೆ ಬೇರೆ, ಕಳೆಯುವ ಚಿಹ್ನೆ ಬೇರೆ. ಟ್ರಾಫ್ ಈ ಭೇದವನ್ನು ಪಾಲಿಸಿ, ಬರಿಯ ಗೆರೆಗೆ ಕೂಡುಗೆರೆಯನ್ನೂ ಹಿಂದೆ ಓರೆಗೆರೆ ಇಟ್ಟ ಗೆರೆಗೆ ಕಳೆಯುವ ಚಿಹ್ನೆಯನ್ನೂ ಅಚ್ಚುಹಾಕುತ್ತಿದ್ದಿತು. ಕಾಗದದ ಮೇಲೆ ಅವುಗಳಲ್ಲಿ ಉದ್ದದ ವ್ಯತ್ಯಾಸವಷ್ಟೆ. ಓದುಗನು ಯಾವುದನ್ನು ಕಂಡರೂ ಒತ್ತುತ್ತಿದ್ದ ಕೀಲಿ ಒಂದೇ.

ಯೂನಿಕೋಡ್ ಬಂದ ಮೇಲೆ ಈ ನಿಶ್ಚಿಂತೆ ಹೋಯಿತು. ಅದರಲ್ಲಿ ಕೀಲಿಮಣೆಯ ಗೆರೆಗೊಂದು, ಕೂಡುಗೆರೆಗೊಂದು, ಕಳೆಯುವ ಚಿಹ್ನೆಗೊಂದು ಹೀಗೆ ಪ್ರತ್ಯೇಕ ಸಂಖ್ಯೆಗಳಿವೆ. ತೆರೆಯ ಮೇಲಿನ ಕೈಪಿಡಿಯಿಂದ ಆಜ್ಞೆಯನ್ನು ನಕಲುಮಾಡಿದವನಿಗೆ ಗೆರೆಯಂತೆಯೇ ತೋರುವ, ಆದರೆ ಗೆರೆಯಲ್ಲದ ಅಕ್ಷರವು ದೊರೆಯಿತು. ಯಂತ್ರವು ಅದನ್ನು ವಿಕಲ್ಪವೆಂದು ಗ್ರಹಿಸಲಿಲ್ಲ. ಕೈಪಿಡಿಯಲ್ಲಿ ಆ ವಿಕಲ್ಪವನ್ನು ಹುಡುಕಿದರೂ ಸಿಕ್ಕಲಿಲ್ಲ. ೨೦೨೩ರಲ್ಲಿ ಪ್ರಕಟವಾದ ಜಿರಾಫ್ ೧.೨೩ನೆಯ ಆವೃತ್ತಿಯು ಮುದ್ರಣಭೇದವನ್ನು ಕಟ್ಟುನಿಟ್ಟಾಗಿ ಪಾಲಿಸಲು ಹೊರಟಾಗ ಈ ಹಳೆಯ ವಿವಾದ ಮತ್ತೆ ತಲೆಯೆತ್ತಿತು. ಡೆಬಿಯನ್ ಸಂಸ್ಥೆಯವರು ಎರಡನ್ನೂ ಕೀಲಿಮಣೆಯ ಗೆರೆಯಾಗಿಯೇ ತೋರಿಸುವಂತೆ ತಮ್ಮಲ್ಲಿ ಏರ್ಪಡಿಸಿಕೊಂಡರು. ಮುದ್ರಣಸೌಂದರ್ಯವು ಪಾಠಶುದ್ಧಿಗೆ ಮಣಿಯಬೇಕಾದ ಸಂದರ್ಭಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

೪

ಎಂಬತ್ತು ತೊಂಬತ್ತರ ದಶಕಗಳಲ್ಲಿ ಅಕ್ಷರದ ಆಕಾರವನ್ನಲ್ಲದೆ ಅದರ ಅರ್ಥವನ್ನೇ ಗುರುತಿಸಬೇಕೆಂಬ ವಿಚಾರವು ಪ್ರಬಲವಾಯಿತು. ಗ್ನೂ ಯೋಜನೆಯ ಟೆಕ್ಸ್‌ಇನ್ಫೋ ಪದ್ಧತಿಯಲ್ಲಿ ಓದುಗನು ಒತ್ತುವುದಕ್ಕೆ, ಮಾದರಿಯಾಗಿ ತೋರಿಸುವುದಕ್ಕೆ, ಬದಲಿಸತಕ್ಕ ಪದಕ್ಕೆ ಬೇರೆಬೇರೆ ಗುರುತುಗಳಿದ್ದವು. ೧೯೯೫ನೆಯ ನವೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ ೨.೦ ವಿಧಾನದಲ್ಲಿಯೂ ಕೋಡ್, ಕೆಬಿಡಿ, ಸ್ಯಾಂಪ್, ವಾರ್ ಎಂಬ ನಾಲ್ಕು ಗುರುತುಗಳು ಸೇರಿದ್ದವು: ಕೋಡಿಗೊಂದು, ಕೀಲಿಮಣೆಯಿಂದ ಒತ್ತುವುದಕ್ಕೊಂದು, ಯಂತ್ರದ ಮಾದರಿ ಉತ್ತರಕ್ಕೊಂದು, ಬದಲಿಸತಕ್ಕ ಪದಕ್ಕೊಂದು. ತೆರಪುಗಳನ್ನೂ ಸಾಲುಗಳನ್ನೂ ಇದ್ದಂತೆ ಉಳಿಸುವ ಪ್ರಿ ಎಂಬುದೂ ಇದ್ದಿತು. ಬೇಕಾದ ಸಾಮಗ್ರಿಯು ಆಗಲೇ ಸಿದ್ಧವಾಗಿದ್ದಿತೆಂದು ಹೇಳಬಹುದು.

ಆದರೆ ಇಷ್ಟು ಗುರುತುಗಳನ್ನು ಇಡುವುದು ಬರೆಯುವವರಿಗೆ ಭಾರವಾಯಿತು. ೨೦೦೪ರಲ್ಲಿ ಜಾನ್ ಗ್ರೂಬರ್ ಎಂಬಾತನು ಪ್ರಕಟಿಸಿದ ಮಾರ್ಕ್‌ಡೌನ್ ಈ ಭಾರವನ್ನು ಇಳಿಸಿತು. ನಾಲ್ಕು ತೆರಪುಗಳಷ್ಟು ಒಳಕ್ಕೆ ಸರಿಸಿ ಬರೆದ ಸಾಲೇ ಆಜ್ಞಾಖಂಡವೆಂಬುದು ಅದರ ನಿಯಮ. ಕಲಿಯಲು ಸುಲಭವಾದುದರಿಂದ ಅದು ಬಹುಬೇಗ ಹರಡಿತು. ಆದರೆ ಒತ್ತುವುದು, ಬದಲಿಸುವುದು, ಉತ್ತರ ಎಂಬ ಭೇದಗಳೆಲ್ಲವೂ ಅದರಲ್ಲಿ ಅಳಿಸಿಹೋಗಿ ‘ಕೋಡ್’ ಎಂಬ ಒಂದೇ ಬಗೆಯುಳಿಯಿತು. ೧೯೭೧ರಲ್ಲಿ ಅಡಿಗೆರೆಯೊಂದರಿಂದ ಸಾಧಿಸಿದ್ದುದನ್ನು ಸಹ ೨೦೦೪ರ ಸಾಧನವು ಬಿಟ್ಟುಕೊಟ್ಟಿತು.

ಇದಲ್ಲದೆ ಇನ್ನೊಂದು ತೊಡಕಿದ್ದಿತು. ನಿರ್ವಹಣೆಯ ಬರವಣಿಗೆಯು ಸಾಮಾನ್ಯವಾಗಿ ‘ಮೊದಲು ಇದು, ಅನಂತರ ಇದು’ ಎಂಬ ಕ್ರಮಸಂಖ್ಯೆಯ ಹಂತಗಳಲ್ಲಿರುತ್ತದೆ. ಹಂತದೊಳಗಿನ ಖಂಡವನ್ನು ಮತ್ತಷ್ಟು ಒಳಕ್ಕೆ ಸರಿಸದಿದ್ದರೆ ಅದು ಪಟ್ಟಿಯಿಂದ ಹೊರಬಿದ್ದು ಕ್ರಮಸಂಖ್ಯೆಯು ಕೆಡುತ್ತಿದ್ದಿತು. ಮೂರು ಬ್ಯಾಕ್‌ಟಿಕ್‌ಗಳನ್ನೋ ಅಲೆಗೆರೆಗಳನ್ನೋ ಮೇಲೆ ಕೆಳಗೆ ಬೇಲಿಯಂತೆ ಹಾಕುವ ಪದ್ಧತಿಯು ಮುಂದೆ ಬಂದಿತು. ಖಂಡವು ಯಾವ ಭಾಷೆಯದೆಂದು ಮೇಲಿನ ಬೇಲಿಯ ಪಕ್ಕದಲ್ಲಿ ಬರೆಯುವ ಅವಕಾಶವೂ ದೊರೆಯಿತು. ೨೦೧೪ರಲ್ಲಿ ಆರಂಭವಾದ ಕಾಮನ್‌ಮಾರ್ಕ್ ಈ ನಿಯಮಗಳನ್ನು ನಿಖರವಾಗಿ ನಿರೂಪಿಸಿತು. ೨೦೦೬ರಲ್ಲಿ ಹೊರಬಂದ ಪಿಗ್‌ಮೆಂಟ್ಸ್ ಮುಂತಾದ ಬಣ್ಣಗೂಡಿಸುವ ತಂತ್ರಾಂಶಗಳಲ್ಲಿ ಬರಿಯ ಆಜ್ಞಾಸರಣಿಗೊಂದು ಹೆಸರು, ಪ್ರಾಂಪ್ಟ್ ಉತ್ತರಗಳು ಸೇರಿದ ಸಂವಾದಕ್ಕೆ ಇನ್ನೊಂದು ಹೆಸರು ಉಂಟು. ಕಳೆದುಹೋಗಿದ್ದ ಭೇದದ ಒಂದಂಶವು ಈ ಹಿಂಬಾಗಿಲಿನಿಂದ ಮರಳಿತು.

೫

ಇಷ್ಟು ಕಾಲವೂ ಓದುಗನು ಕಣ್ಣಿನಿಂದ ಓದಿ ಕೈಯಿಂದ ಒತ್ತುವವನೆಂದು ಭಾವಿಸಲಾಗಿದ್ದಿತು. ಒತ್ತುವಾಗ ಅವನ ವಿವೇಕವು ನಡುವೆ ನಿಲ್ಲುತ್ತಿದ್ದಿತು. ನಕಲುಮಾಡಿ ಅಂಟಿಸುವ ವಾಡಿಕೆ ಬಂದಂತೆ ಆ ಕಾವಲು ತಪ್ಪಿತು. ಹಳೆಯ ಸಂಪ್ರದಾಯಗಳೇ ಅಪಾಯಗಳಾದವು.

ಯೂನಿಕ್ಸಿನಲ್ಲಿ ಸಾಮಾನ್ಯ ಬಳಕೆದಾರನ ಪ್ರಾಂಪ್ಟ್ $ ಎಂದೂ ಸರ್ವಾಧಿಕಾರಿಯಾದ ರೂಟ್‌ನ ಪ್ರಾಂಪ್ಟ್ # ಎಂದೂ ರೂಢಿ. ಯಾವ ಅಧಿಕಾರದಿಂದ ಆಜ್ಞೆ ಮಾಡಬೇಕೆಂಬುದನ್ನು ಒಂದೇ ಚಿಹ್ನೆಯಿಂದ ತಿಳಿಸುವ ಈ ಸಂಕ್ಷೇಪವು ಕಾಗದದ ಮೇಲೆ ಚೆನ್ನಾಗಿದ್ದಿತು. ಆದರೆ ಬ್ಯಾಶ್ ಮೊದಲಾದ ಶೆಲ್‌ಗಳಲ್ಲಿ # ಎಂಬುದು ಟಿಪ್ಪಣಿಯ ಆರಂಭವೂ ಹೌದು. $ ಚಿಹ್ನೆಯೊಡನೆ ಅಂಟಿಸಿದರೆ ಯಂತ್ರವು ಅಂಥ ಆಜ್ಞೆಯಿಲ್ಲವೆಂದು ದೂರುತ್ತದೆ. # ಚಿಹ್ನೆಯೊಡನೆ ಅಂಟಿಸಿದರೆ ಏನನ್ನೂ ಮಾಡದೆ ಸುಮ್ಮನಿರುತ್ತದೆ, ಓದುಗನು ಕೆಲಸವಾಯಿತೆಂದು ನಂಬಿ ಮುಂದಿನ ಹಂತಕ್ಕೆ ಹೋಗುತ್ತಾನೆ. ಮುಂದುವರಿದ ಸಾಲಿನ ಮುಂದೆ ಬರುವ > ಎಂಬ ಪ್ರಾಂಪ್ಟ್ ಇನ್ನೂ ಕೆಟ್ಟದ್ದು. ಅದು ಆಜ್ಞೆಯ ಉತ್ತರವನ್ನು ಕಡತಕ್ಕೆ ಹರಿಸುವ ಚಿಹ್ನೆಯೂ ಆಗಿರುವುದರಿಂದ, ಅದರೊಡನೆ ಅಂಟಿಸಿದ ಸಾಲು ಅದೇ ಹೆಸರಿನ ಕಡತವಿದ್ದರೆ ಅದನ್ನು ಬರಿದುಮಾಡಿಬಿಡುವುದು. ಬದಲಿಸತಕ್ಕ ಪದವನ್ನು < > ಎಂಬ ಕೋನಕಂಸಗಳಲ್ಲಿ ಬರೆಯುವ ವಾಡಿಕೆಗೂ ಇದೇ ದೋಷವುಂಟು.

ನಕಲಿನ ದಾರಿಯಲ್ಲಿ ಅದೃಶ್ಯವಾಗಿ ಮಾರ್ಪಡುವ ಅಕ್ಷರಗಳೂ ಇವೆ. ನೇರವಾದ ಉದ್ಧರಣ ಚಿಹ್ನೆಗಳನ್ನು ಬಾಗಿದವುಗಳಾಗಿ ತಿದ್ದುವ ತಂತ್ರಾಂಶಗಳು ಸಾಧಾರಣವಾಗಿ ಆಜ್ಞಾಖಂಡವನ್ನು ಮುಟ್ಟುವುದಿಲ್ಲ. ಆದರೆ ಲೇಖಕನು ಆಜ್ಞೆಯನ್ನು ಖಂಡದ ಗುರುತಿಲ್ಲದೆ ವಾಕ್ಯದ ನಡುವೆ ಬರೆದಿದ್ದರೆ ಅದು ಕೆಡುತ್ತದೆ. ಸಾಲು ಮುಂದುವರಿಯುವುದೆಂದು ಸೂಚಿಸುವ ಹಿಂಬಾಗಿದ ಓರೆಗೆರೆಯ ಅನಂತರ ಒಂದು ತೆರಪು ಉಳಿದರೂ ಸೂಚನೆ ವ್ಯರ್ಥವಾಗುತ್ತದೆ. ಸ್ಟುವರ್ಟ್ ಫೆಲ್ಡ್‌ಮನ್ ೧೯೭೬ರಲ್ಲಿ ರಚಿಸಿದ ಮೇಕ್ ತಂತ್ರಾಂಶದ ಕಡತಗಳಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದ ಆರಂಭವಾಗಬೇಕು. ನಕಲಿನಲ್ಲಿ ಅದು ತೆರಪುಗಳಾಗಿ ಮಾರ್ಪಟ್ಟರೆ ಕಡತವು ನಿಷ್ಪ್ರಯೋಜಕ.

ಇವಕ್ಕೆ ಪ್ರತಿವಿಧಾನಗಳೂ ಬಂದಿವೆ. ಉದಾಹರಣೆಗಳಲ್ಲಿ ಯಾರದೋ ನಿಜವಾದ ವಿಳಾಸವು ಬಂದು ತೊಂದರೆಯಾಗದಿರಲೆಂದು ೧೯೯೯ರಲ್ಲಿ ‘ಎಕ್ಸಾಂಪಲ್’ ಎಂಬ ಹೆಸರಿನ ವಿಳಾಸಗಳನ್ನೂ, ೨೦೧೦ರಲ್ಲಿ ೧೯೨.೦.೨ ಮೊದಲಾದ ಮೂರು ಸಂಖ್ಯಾಶ್ರೇಣಿಗಳನ್ನೂ ಕೈಪಿಡಿಗಳ ಬಳಕೆಗಾಗಿ ಮೀಸಲಾಗಿಟ್ಟರು. ೨೦೨೦ನೆಯ ಡಿಸೆಂಬರಿನಲ್ಲಿ ಪ್ರಕಟವಾದ ಬ್ಯಾಶ್ ೫.೧ರಿಂದ, ಅಂಟಿಸಿದ ಸಾಲುಗಳು ಓದುಗನು ಒಪ್ಪಿಗೆಯ ಕೀಲಿಯನ್ನು ಒತ್ತುವವರೆಗೆ ಜಾರಿಗೆ ಬರದಂತೆ ತಡೆಹಿಡಿಯುವ ಏರ್ಪಾಟು ತಾನಾಗಿಯೇ ಇರುತ್ತದೆ. ತಪ್ಪಿಹೋಗಿದ್ದ ವಿವೇಕದ ಕಾವಲನ್ನು ಯಂತ್ರದಲ್ಲಿಯೇ ಮತ್ತೆ ನಿಲ್ಲಿಸಿದಂತಾಯಿತು.

೬

ಕನ್ನಡದಲ್ಲಿ ಇಂಥ ಕೈಪಿಡಿಗಳನ್ನು ಬರೆಯುವವರಿಗೆ ಈ ಚರಿತ್ರೆಯಿಂದ ಬರುವ ಪಾಠವು ಇಮ್ಮಡಿಯಾದುದು. ಯೂನಿಕೋಡ್ ಬಳಕೆಗೆ ಮುಂಚಿನ ಕನ್ನಡ ಅಕ್ಷರಮಾಲೆಗಳು ರೋಮನ್ ಅಕ್ಷರಗಳ ಸ್ಥಾನಗಳನ್ನೇ ಆಕ್ರಮಿಸಿದ್ದುದರಿಂದ, ಕನ್ನಡ ವಾಕ್ಯದ ನಡುವೆ ಬಂದ ಆಜ್ಞೆಯು ಅಕ್ಷರಮಾಲೆ ಬದಲಾದೊಡನೆ ಅರ್ಥವಿಲ್ಲದ ಕನ್ನಡವಾಗಿ ತೋರುತ್ತಿದ್ದಿತು. ಆ ತೊಡಕು ಈಗ ಕಳೆದಿದ್ದರೂ, ಕನ್ನಡದ ಅನುಸ್ವಾರಕ್ಕೂ ಸೊನ್ನೆಗೂ ಇರುವ ರೂಪಸಾಮ್ಯವು ಉಳಿದಿದೆ. ಶೆಲ್‌ನ ಲೆಕ್ಕಗಳು ಕನ್ನಡದ ಅಂಕಿಗಳನ್ನು ಒಪ್ಪುವುದೂ ಇಲ್ಲ. ಆದುದರಿಂದ ವಿವರಣೆಯು ಎಷ್ಟು ಅಚ್ಚಗನ್ನಡವಾಗಿದ್ದರೂ ಆಜ್ಞಾಖಂಡವನ್ನು ಅದರ ಮೂಲಲಿಪಿಯಲ್ಲಿ, ಮೂಲದ ಅಂಕಿಗಳಲ್ಲಿ, ಬೇಲಿಯೊಳಗೆ ಪ್ರತ್ಯೇಕಿಸಿಡುವುದೇ ಯುಕ್ತ.

ಒಟ್ಟಿನಲ್ಲಿ ಅರ್ಧಶತಮಾನಕ್ಕೂ ಮಿಕ್ಕ ಈ ಅನುಭವದಿಂದ ಕೆಲವು ನಿಯಮಗಳು ತಾವಾಗಿಯೇ ಹೊರಪಡುತ್ತವೆ. ಆಜ್ಞೆ ಮತ್ತು ಉತ್ತರಗಳನ್ನು ಬೇರೆಬೇರೆ ಖಂಡಗಳಲ್ಲಿಡಬೇಕು. ಅಧಿಕಾರಭೇದವನ್ನು ಪ್ರಾಂಪ್ಟ್‌ನಿಂದಲ್ಲದೆ ವಾಕ್ಯದಿಂದ ಹೇಳಬೇಕು. ಬದಲಿಸತಕ್ಕ ಪದವು ಅಂಟಿಸಿದರೂ ಹಾನಿಮಾಡದ ರೂಪದಲ್ಲಿದ್ದು, ಅದರ ವಿವರಣೆ ಖಂಡಕ್ಕೆ ಮೊದಲೇ ಬರಬೇಕು. ಖಂಡದ ಭಾಷೆಯನ್ನು ಹೆಸರಿಸಬೇಕು. ಕಾಣುವ ಅಕ್ಷರವೂ ನಕಲಾಗುವ ಅಕ್ಷರವೂ ಒಂದೇ ಆಗಿರಬೇಕು. ಇವುಗಳಲ್ಲಿ ಮೊದಲ ಕೈಪಿಡಿಯ ಪೀಠಿಕೆಯ ಉದ್ದೇಶಕ್ಕೆ ಹೊರತಾದುದು ಯಾವುದೂ ಇಲ್ಲ. ಉಪಕರಣಗಳು ಬದಲಾದಾಗಲೆಲ್ಲ ಆ ಉದ್ದೇಶವು ಮರೆಯಾಗುತ್ತ, ಪ್ರತಿಯೊಂದು ಸಲವೂ ಅದನ್ನು ಹೊಸದಾಗಿ ಸಂಪಾದಿಸಬೇಕಾಯಿತು. ಕೈಪಿಡಿಯ ಒಂದು ಸಾಲನ್ನು ನಂಬಿ ನಡುರಾತ್ರಿಯಲ್ಲಿ ಯಂತ್ರದ ಮುಂದೆ ಕುಳಿತ ನಿರ್ವಾಹಕನಿಗೆ ಆ ಸಾಲು ಶುದ್ಧವಾಗಿ ತಲುಪುವುದೇ ಈ ಮುದ್ರಣವಿದ್ಯೆಯ ಸಾರ್ಥಕ್ಯ.